ತುಪ್ಪ ಮತ್ತು ಎರಡಾಣೆ

1928ರಲ್ಲಿ ಉಡುಪಿಯ ಒಂದು ಪುಟ್ಟ ಬ್ಯಾಂಕು ಮನೆಮನೆಗೆ, ಅಂಗಡಿ ಅಂಗಡಿಗೆ ಜನ ಕಳಿಸಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸಲು ತೊಡಗಿತು. ಬ್ಯಾಂಕಿಗೆ ಆಗ ಮೂರು ವರ್ಷ. ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಅದು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಯಿತು, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿತು. ಕೈಮಗ್ಗ ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಕಾಲದಲ್ಲಿ ಅವರಿಗೆ ಆಸರೆಯಾಗಬೇಕೆಂದು ಹುಟ್ಟಿದ ಬ್ಯಾಂಕು. ಎರಡಾಣೆ ಎಂದರೆ ರೂಪಾಯಿಯ ಎಂಟನೆಯ ಒಂದು ಪಾಲು. ಒಂದು ದಿನವೂ ತಪ್ಪದೆ ವರ್ಷವಿಡೀ ಕೊಟ್ಟರೆ 45 ರೂಪಾಯಿ ಚಿಲ್ಲರೆ. ಈ ಯೋಜನೆಗೆ ಇಟ್ಟ ಹೆಸರು ಪಿಗ್ಮಿ.

ಪಿಗ್ಮಿ ಈಗಲೂ ಬದುಕಿದೆ. ಸಂಜೆ ನಮ್ಮ ಯಾವುದಾದರೂ ಪೇಟೆಬೀದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಹಕಾರಿ ಸಂಘದ ಏಜೆಂಟರೊಬ್ಬರು ಅಂಗೈಯಗಲದ ಯಂತ್ರ ಹಿಡಿದು ಅಂಗಡಿಯಿಂದ ಅಂಗಡಿಗೆ ದಾಟುವುದು ಕಾಣುತ್ತದೆ. ಬೀಡಾ ಅಂಗಡಿ, ಸೈಕಲ್ ಶಾಪು, ಟೈಲರು, ತರಕಾರಿ ಗಾಡಿ. ಹೆಚ್ಚು ಮಾತಿಲ್ಲ. ಗಲ್ಲಾಪೆಟ್ಟಿಗೆಯಿಂದ ನೋಟು ಬರುತ್ತದೆ, ಯಂತ್ರದಿಂದ ಚೀಟಿ ಬರುತ್ತದೆ. ದುಡ್ಡು ಮನೆ ಸೇರುವ ಮೊದಲೇ, ಯಾವ ಆಸೆಗೂ ಯಾವ ಸಾಲಗಾರನಿಗೂ ಸಿಕ್ಕುವ ಮೊದಲೇ ಏಜೆಂಟ್ ಬಂದು ನಿಲ್ಲುತ್ತಾನೆ. ಇಡೀ ಯೋಜನೆಯ ಜಾಣತನವಿರುವುದು ಈ ಹೊತ್ತಿನಲ್ಲಿ. ಉಳಿತಾಯ ಒಳ್ಳೆಯ ಗುಣ ಎಂದು ಭಾಷಣ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅದನ್ನು ದಿನಾ ಒಂದೇ ಹೊತ್ತಿಗೆ ಮಾಡುವ ಕೈಕೆಲಸವನ್ನಾಗಿ ಮಾಡಿದ್ದರಿಂದ ಅದು ನಮ್ಮ ಕರಾವಳಿಯ, ಆಮೇಲೆ ಇಡೀ ನಾಡಿನ ಮೈಗುಣವಾಯಿತು.

ನಮ್ಮ ಬೀದಿಯ ತುದಿಯಲ್ಲಿ ಹೂ ಕಟ್ಟಿ ಮಾರುವ ಹೆಂಗಸು ಈ ಪಿಗ್ಮಿಯ ನಿಷ್ಠಾವಂತ ಗಿರಾಕಿ. ಮಳೆ ಹೊಡೆದು ಹೂವೆಲ್ಲ ಬಾಡಿದ ದಿನವೂ ಏಜೆಂಟನನ್ನು ಬರಿಗೈಯಲ್ಲಿ ಕಳಿಸಿದವಳಲ್ಲ. ತನಗೆಂದು ಒಂದು ಮೊಳ ಮಲ್ಲಿಗೆಯನ್ನೂ ಮುಡಿಯುವುದಿಲ್ಲ. "ಮಾರೋ ಹೂವನ್ನ ಮುಡ್ಕೊಂಡ್ರೆ ಆಯ್ತು ವ್ಯಾಪಾರ" ಎನ್ನುತ್ತಾಳೆ. ಆದರೆ ಪಿಗ್ಮಿಯ ಅವಧಿ ಮುಗಿದು ದುಡ್ಡು ಕೈಗೆ ಬಂದಿತೆಂದರೆ ಅವಳು ಬೇರೆಯೇ ಮನುಷ್ಯಳು. ಅರ್ಧ ಮಗಳ ಫೀಸಿಗೆ, ಸಾಲಕ್ಕೆ. ಉಳಿದರ್ಧದಲ್ಲಿ ಅಕ್ಕತಂಗಿಯರನ್ನು ಕಟ್ಟಿಕೊಂಡು ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ಎಂದು ಹೊರಡುತ್ತಾಳೆ, ಮಲ್ಪೆಯ ಕಡಲಿಗೆ ಇಳಿದು ಸೀರೆಯನ್ನೆಲ್ಲ ತೋಯಿಸಿಕೊಂಡು ಬರುತ್ತಾಳೆ. ಬಂದ ಮೇಲೆ ವಾರಗಟ್ಟಲೆ ಹೂವಿನ ಜೊತೆ ಆ ಕತೆಯೂ ಗಿರಾಕಿಗಳಿಗೆ ಪುಕ್ಕಟೆ. ಇವಳನ್ನು ಜಿಪುಣಿ ಎನ್ನೋಣವೇ, ಖರ್ಚಿನ ಕೈ ಎನ್ನೋಣವೇ? ಅವಳ ಎರಡಾಣೆಗೆ ಒಂದು ಕೊನೆಯ ದಿನಾಂಕವಿದೆ. ಆ ದಿನ ಬಂದಾಗ ದುಡ್ಡು ಅವಳ ಮಾತು ಕೇಳುತ್ತದೆ, ಅವಳು ದುಡ್ಡಿನ ಮಾತು ಕೇಳುವುದಿಲ್ಲ.

ನನ್ನ ಗೆಳೆಯನೊಬ್ಬನಿಗೆ ಆ ದಿನಾಂಕ ಇನ್ನೂ ಬಂದಿಲ್ಲ. ಸರ್ಕಾರಿ ನೌಕರಿಯಿಂದ ನಿವೃತ್ತನಾದವನು, ಪಿಂಚಣಿ ಇದೆ, ಸ್ವಂತ ಮನೆ ಇದೆ, ಮಕ್ಕಳು ದಡ ಹತ್ತಿದ್ದಾರೆ. ಟೂತ್‌ಪೇಸ್ಟಿನ ಟ್ಯೂಬನ್ನು ಕತ್ತರಿಯಿಂದ ಸೀಳಿ ಒಳಗಿನದನ್ನು ಬಳಸುತ್ತಾನೆ. ಸವೆದ ಸೋಪಿನ ಬಿಲ್ಲೆಯನ್ನು ಹೊಸದರ ಬೆನ್ನಿಗೆ ಅಂಟಿಸುತ್ತಾನೆ. ಹಾಲಿನ ಖಾಲಿ ಪ್ಯಾಕೆಟ್ಟುಗಳನ್ನು ತೊಳೆದು, ಒಣಗಿಸಿ, ಕಟ್ಟು ಕಟ್ಟಿ ತೂಕಕ್ಕೆ ಹಾಕುತ್ತಾನೆ. ಮದುವೆ ಕರೆಯೋಲೆಯ ಖಾಲಿ ಬೆನ್ನಿನ ಮೇಲೆ ಅವನ ಮನೆಯ ದಿನಸಿ ಪಟ್ಟಿ. ಇಲ್ಲಿಯವರೆಗಿನದಕ್ಕೆ ನನ್ನ ತಕರಾರಿಲ್ಲ, ಮೆಚ್ಚುಗೆಯೇ ಇದೆ. ವಸ್ತುವಿನ ಕೊನೆಯ ಕಣದವರೆಗೂ ಅದರ ಜೊತೆಗಿರುವುದು ಒಂದು ಬಗೆಯ ಮರ್ಯಾದೆ. ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿದ ಉತ್ತರ ಕರ್ನಾಟಕದ ಅಜ್ಜಿಯರಿಗೆ ಅದು ಗೊತ್ತಿತ್ತು. ಆ ಕೌದಿ ಹೊದ್ದವರಿಗೆ ಬಡತನದ ನೆನಪಾಗುವುದಿಲ್ಲ, ಅಜ್ಜಿಯ ನೆನಪಾಗುತ್ತದೆ.

ನನಗೆ ಕಸಿವಿಸಿಯಾಗುವುದು ಇನ್ನೊಂದು ಕಡೆ. ಅವನ ಮನೆಯ ಅಟ್ಟದಲ್ಲಿ ಒಂದು ಡಿನ್ನರ್ ಸೆಟ್ಟಿದೆ, ಇನ್ನೂ ಪೆಟ್ಟಿಗೆಯಿಂದ ಹೊರಬಂದಿಲ್ಲ. "ಯಾರಾದರೂ ಬಂದಾಗ ಆಗುತ್ತೆ" ಅಂತ. ಬಂದವರಿಗೂ ಮಾಮೂಲಿ ತಟ್ಟೆಯೇ, ಏಕೆಂದರೆ ಅದಕ್ಕಿಂತ ದೊಡ್ಡ ಯಾರಾದರೂ ಮುಂದೆ ಬರಬಹುದು. ಮಂಡಿನೋವಿದ್ದರೂ ಆಟೋ ಹತ್ತದೆ ಸಿಟಿ ಬಸ್ಸಿಗೆ ಕಾದು ನಿಲ್ಲುತ್ತಾನೆ. ಮಾವಿನ ಕಾಲ ಬಂದರೆ ದರ ಇಳಿಯಲಿ ಎಂದು ಕಾಯುತ್ತ ಕೂರುತ್ತಾನೆ, ಇಳಿದಾಗ ಹಣ್ಣಿನಲ್ಲಿ ಹುಳ ಬಿದ್ದಿರುತ್ತದೆ. ಒಮ್ಮೆ ಕೇಳಿಯೇಬಿಟ್ಟೆ, ಯಾರಿಗೋಸ್ಕರ ಮಾರಾಯ ಇದೆಲ್ಲ ಎಂದು. ಅವನು ಬಹಳ ಹೊತ್ತು ಯೋಚಿಸಿ ಹೇಳಿದ: "ಬೇಡ ಅಂತೇನಿಲ್ಲ. ಕೈ ಬರಲ್ಲ."

ಆ ನಾಲ್ಕು ಪದಗಳ ಉತ್ತರವನ್ನು ನಾನು ತುಂಬ ದಿನ ಮೆಲುಕು ಹಾಕಿದ್ದೇನೆ. ಅವನಿಗೆ ಹಣದ ಆಸೆಯಿಲ್ಲ. ರಾಶಿ ಹಾಕಿ ನೋಡಿ ಸುಖಪಡುವ ಕತೆಯ ಲೋಭಿಯೂ ಅಲ್ಲ ಅವನು. ಬರೆಯದ ಕೈಗೆ ಅಕ್ಷರ ಒಲಿಯದ ಹಾಗೆ, ಖರ್ಚು ಮಾಡದ ಕೈಗೆ ಖರ್ಚು ಒಲಿಯುತ್ತಿಲ್ಲ. ಉಳಿಸುವುದನ್ನು ಅವನಿಗೆ ಎಳವೆಯಿಂದ ಎಷ್ಟೊಂದು ಮಂದಿ ಕಲಿಸಿದರು: ಮಣ್ಣಿನ ಹುಂಡಿ ಕೊಟ್ಟ ಅಜ್ಜ, ಶಾಲೆಯಲ್ಲಿ ಸಂಚಯಿಕಾ ಉಳಿತಾಯದ ಪಾಸ್‌ಬುಕ್ ಬರೆಸಿದ ಮೇಷ್ಟ್ರು, ಅಂಚೆ ಕಚೇರಿಯ ಆರ್.ಡಿ., ಎಲ್‌ಐಸಿ ಏಜೆಂಟರಾಗಿದ್ದ ಮಾವ. ದಾನ ಮಾಡುವುದನ್ನೂ ಕಲಿಸಿದರು. ದೇವಸ್ಥಾನದ ಹುಂಡಿ, ಊರ ಜಾತ್ರೆಯ ರಶೀದಿ ಪುಸ್ತಕ. ಸುಖಕ್ಕಾಗಿ, ಯಾವ ನೆಪವೂ ಇಲ್ಲದ ಬರೀ ಸುಖಕ್ಕಾಗಿ ದುಡ್ಡು ಬಿಚ್ಚುವುದನ್ನು ಕಲಿಸಿದ ಒಬ್ಬ ಗುರುವೂ ಅವನಿಗೆ ಸಿಗಲಿಲ್ಲ. ಅದು ತಾನಾಗಿ ಬರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬರಲಿಲ್ಲ.

ಅವನ ತಲೆಮಾರನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಅವರು ಕೈ ಬಿಗಿ ಹಿಡಿದ ಕಾಲದಲ್ಲಿ ಖರ್ಚು ಮಾಡೋಣವೆಂದರೂ ಪೇಟೆಯಲ್ಲಿ ಹೆಚ್ಚೇನಿರಲಿಲ್ಲ. ಬಜಾಜ್ ಚೇತಕ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು, ಟೆಲಿಫೋನಿಗೂ ಹಾಗೆಯೇ. ಸೀಮೆಎಣ್ಣೆ, ಸಕ್ಕರೆ ರೇಷನ್ ಕಾರ್ಡಿನಲ್ಲಿ. ಕಾಯಿಲೆ ಬಿದ್ದರೆ ವಿಮೆ ಎಂಬುದಿಲ್ಲ, ಮನೆಯ ಡಬ್ಬಿಯೇ ವಿಮೆ. ಇನ್ನೊಂದೆಡೆ ಕಾಯುವವನಿಗೆ ಸಿಗುತ್ತಿದ್ದ ಬಹುಮಾನ ದೊಡ್ಡದು. 1986ರಿಂದ 2000ದ ಆರಂಭದವರೆಗೆ ಪಿಪಿಎಫ್ ಬಡ್ಡಿ ಶೇಕಡ 12 ಇತ್ತು. 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರ ಐದೂವರೆ ವರ್ಷದಲ್ಲಿ ದುಡ್ಡನ್ನು ಇಮ್ಮಡಿ ಮಾಡಿ ಕೊಡುತ್ತಿತ್ತು. ಬೆಲೆಯೇರಿಕೆ ಅದರಲ್ಲಿ ಎಷ್ಟನ್ನು ತಿಂದುಹಾಕುತ್ತಿತ್ತು ಎಂಬ ಲೆಕ್ಕ ಬೇರೆ; ಕಾಗದದ ಮೇಲೆ ಇಮ್ಮಡಿಯಾಗುವ ಸಂಖ್ಯೆ ಕಣ್ಣಿಗೆ ಹಬ್ಬ. ಇವತ್ತು ಬೇಡ ಎಂದವನಿಗೆ ಆರು ವರ್ಷದಲ್ಲಿ ಎರಡರಷ್ಟು. ಈಗ ಪಿಪಿಎಫ್ ಬಡ್ಡಿ 7.1, ಅದೇ ದುಡ್ಡು ಇಮ್ಮಡಿಯಾಗಲು ಹತ್ತು ವರ್ಷ ಹಿಡಿಯುತ್ತದೆ. ಕಾಯುವುದರ ಕೂಲಿ ಇಳಿದಿದೆ, ಕಾಯುವ ವಯಸ್ಸು ದಾಟಿದೆ, ಪೇಟೆಯಲ್ಲಿ ಎಲ್ಲವೂ ಇದೆ. ಕೈ ಮಾತ್ರ 1985ರಲ್ಲೇ ನಿಂತಿದೆ.

ಹಣ ಕೊಡುವಾಗ ಆಗುವ ಸಂಕಟ ನಿಜವಾದದ್ದು ಎಂದು ಸಂಶೋಧಕರೂ ಹೇಳುತ್ತಾರೆ. 2007ರಲ್ಲಿ ಬ್ರಯಾನ್ ನಟ್ಸನ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಸ್ಕ್ಯಾನರಿನೊಳಗೆ ಮಲಗಿದವರಿಗೆ ಮೊದಲು ವಸ್ತು, ಆಮೇಲೆ ಅದರ ಬೆಲೆ ತೋರಿಸುತ್ತ ಹೋದರು. ಬೆಲೆ ಅತಿಯಾಯಿತು ಅನ್ನಿಸಿದಾಗ ಮಿದುಳಿನಲ್ಲಿ ಚುರುಕಾದದ್ದು ನೋವು, ಅಸಹ್ಯಗಳ ಜೊತೆಗೂ ನಂಟಿರುವ ಇನ್ಸುಲಾ ಎಂಬ ಭಾಗ. ಮರುವರ್ಷ ಸ್ಕಾಟ್ ರಿಕ್ ಮತ್ತು ಸಂಗಡಿಗರು ಒಂದು ಸೂಕ್ಷ್ಮವನ್ನು ಬಿಡಿಸಿ ಹೇಳಿದರು. ಮಿತವ್ಯಯಿಗೆ ಉಳಿಸುವುದರಲ್ಲಿ ಖುಷಿ ಇರುತ್ತದೆ. ಕೈಬಿಗಿಯವನಿಗೆ ಖರ್ಚಿನಲ್ಲಿ ನೋವಿರುತ್ತದೆ. ಹೊರಗಿನಿಂದ ಇಬ್ಬರೂ ಒಂದೇ ರೀತಿ ಕಾಣುತ್ತಾರೆ, ಇಬ್ಬರ ಬ್ಯಾಂಕ್ ಪುಸ್ತಕವೂ ಒಂದೇ ರೀತಿ ತುಂಬುತ್ತದೆ. ನಮ್ಮ ಹೂವಿನವಳು ಮೊದಲನೆಯ ಪೈಕಿ, ನನ್ನ ಗೆಳೆಯ ಎರಡನೆಯ ಪೈಕಿ. (ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕೊಡುವ ಈ ಕಾಲದಲ್ಲಿ ಆ ನೋವು ಕಡಿಮೆಯಾಗಬೇಕಿತ್ತು. ಆದರೆ ಅವನು ಪ್ರತಿ ಬಾರಿ ಕೊಟ್ಟ ಮೇಲೂ ಬ್ಯಾಲೆನ್ಸ್ ತೆಗೆದು ನೋಡುತ್ತಾನೆ. ಮುಳ್ಳು ಕಿತ್ತ ಮೇಲೂ ಗಾಯ ಮುಟ್ಟಿ ನೋಡುವವರಿರುತ್ತಾರೆ.)

ನಮ್ಮ ಕತೆಗಳೂ ಅವನಿಗೆ ನೆರವಾಗಿಲ್ಲ. ಕನ್ನಡದ ಅತಿ ದೊಡ್ಡ ಜಿಪುಣನ ಕತೆ ಶ್ರೀನಿವಾಸ ನಾಯಕನದು. ಅವನ ಊರು ತೀರ್ಥಹಳ್ಳಿ ಸೀಮೆಯೋ ಪುಣೆಯ ಬಳಿಯ ಪುರಂದರಗಡವೋ ಎಂಬ ಜಗಳ ಹಾಗಿರಲಿ. ನವಕೋಟಿ ನಾರಾಯಣ ಎನಿಸಿಕೊಂಡ ಆ ವ್ಯಾಪಾರಿ ಮಗನ ಉಪನಯನಕ್ಕೆ ಬೇಡಿ ಬಂದ ಬಡ ಬ್ರಾಹ್ಮಣನನ್ನು ಅಲೆದಾಡಿಸಿದ್ದು, ಹೆಂಡತಿ ಮೂಗುತಿ ಬಿಚ್ಚಿಕೊಟ್ಟದ್ದು, ಅದು ಗಂಡನ ಅಂಗಡಿಗೇ ಬಂದದ್ದು ಎಲ್ಲರಿಗೂ ಗೊತ್ತು. ಆಮೇಲೆ ನಾಯಕ ಇದ್ದುದೆಲ್ಲವನ್ನೂ ಬಿಟ್ಟು ಪುರಂದರದಾಸರಾದರು, ಗೆಜ್ಜೆ ಕಟ್ಟಿ ತಂಬೂರಿ ಹಿಡಿದು ಮನೆಮನೆಯ ಮುಂದೆ ನಿಂತರು. ಎಂಥ ತಿರುವು! ಆದರೆ ಒಂದು ಗಮನಿಸಿ: ರಾಶಿ ಹಾಕಿದ ಮನುಷ್ಯ ನೇರವಾಗಿ ಎಲ್ಲವನ್ನೂ ತೊರೆದ ಮನುಷ್ಯನಾಗುತ್ತಾನೆ. ನಡುವೆ ಒಂದು ದಿನವಾದರೂ ಹೆಂಡತಿ ಮಕ್ಕಳೊಂದಿಗೆ ಕೂತು ಹೋಳಿಗೆಗೆ ತುಪ್ಪ ಹಾಕಿಕೊಂಡು ಉಂಡ ಎಂದು ಕತೆ ಹೇಳುವುದಿಲ್ಲ. ಜಿಪುಣತನಕ್ಕೆ ನಾವು ಬಲ್ಲ ಮದ್ದು ತ್ಯಾಗವೊಂದೇ.

ಹೈದರಾಬಾದಿನ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನನ ವಿಷಯದಲ್ಲೂ ಜನ ಇದನ್ನೇ ಮಾಡಿದರು. ಕಲಬುರಗಿ, ರಾಯಚೂರು, ಬೀದರಗಳು ಅವನ ಆಡಳಿತದಲ್ಲಿದ್ದುದರಿಂದ ಅವನ ಕತೆಗಳು ಆ ಕಡೆಯ ಹಿರಿಯರ ಬಾಯಲ್ಲಿ ಬಹುಕಾಲ ಓಡಾಡಿದವು. 1937ರಲ್ಲಿ ಟೈಮ್ ಪತ್ರಿಕೆ ಜಗತ್ತಿನ ಅತಿ ಶ್ರೀಮಂತ ಎಂದು ಮುಖಪುಟಕ್ಕೆ ಹಾಕಿದ ಮನುಷ್ಯ; ಜೇಕಬ್ ವಜ್ರವನ್ನು ಕಾಗದ ಹಾರದಂತೆ ಇಡಲು ಬಳಸುತ್ತಿದ್ದನಂತೆ, ಮಾಸಿದ ಟೋಪಿಯನ್ನೇ ವರ್ಷಾನುಗಟ್ಟಲೆ ತೊಡುತ್ತಿದ್ದನಂತೆ. ಆ ವಜ್ರ ಅವನಿಗೆ ಕೊಟ್ಟ ಸುಖ ಒಂದು ಉರುಟು ಕಲ್ಲು ಕೊಡಬಹುದಾದಷ್ಟೇ. 1965ರ ಹೊತ್ತಿನಲ್ಲಿ ಅವನು ದೇಶದ ರಕ್ಷಣೆಗೆ ಐದು ಟನ್ ಚಿನ್ನ ದಾನ ಮಾಡಿದ ಎಂಬ ಮಾತು ಇವತ್ತಿಗೂ ಹರಿದಾಡುತ್ತದೆ. ಮಾಹಿತಿ ಹಕ್ಕಿನಡಿ ಕೇಳಿದಾಗ ಹೊರಬಿದ್ದ ಲೆಕ್ಕ ಬೇರೆ: 425 ಕಿಲೋ ಚಿನ್ನವನ್ನು ರಾಷ್ಟ್ರೀಯ ರಕ್ಷಣಾ ಚಿನ್ನದ ಯೋಜನೆಯಲ್ಲಿ ಶೇಕಡ 6.5ರ ಬಡ್ಡಿಗೆ ತೊಡಗಿಸಿದ್ದ. ಹೂಡಿಕೆಯನ್ನು ಜನ ದಾನವಾಗಿಸಿದರು. ಜಿಪುಣ ಕೊನೆಗೆ ಎಲ್ಲವನ್ನೂ ಕೊಟ್ಟುಬಿಡಲೇಬೇಕು, ಇಲ್ಲದಿದ್ದರೆ ನಮಗೆ ಕತೆ ಮುಗಿದ ಹಾಗನ್ನಿಸುವುದಿಲ್ಲ.

ಹಣ ಹೋಗುವ ದಾರಿಗಳನ್ನು ಎಣಿಸಿದ ಭರ್ತೃಹರಿ ದಾನದ ಪಕ್ಕದಲ್ಲೇ ಭೋಗಕ್ಕೂ ಜಾಗ ಕೊಟ್ಟಿದ್ದ; ಈ ಎರಡೂ ಇಲ್ಲದ ಹಣಕ್ಕೆ ಉಳಿಯುವ ಮೂರನೆಯ ದಾರಿ ನಾಶ. ನಾವು ದಾನವನ್ನು ಉಳಿಸಿಕೊಂಡು ಭೋಗದ ಬಗ್ಗೆ ಮುಖ ತಿರುಗಿಸಿದೆವು. ಸುಖದ ಪರವಾಗಿ ನಮ್ಮಲ್ಲಿ ಗಟ್ಟಿಯಾಗಿ ಮಾತಾಡಿದವರೆಂದರೆ ಚಾರ್ವಾಕರು. ಅವರ ಸ್ವಂತ ಗ್ರಂಥಗಳು ಉಳಿಯಲಿಲ್ಲ. ವಿಜಯನಗರದ ಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ ಮಾಧವಾಚಾರ್ಯರು ಬರೆದ 'ಸರ್ವದರ್ಶನ ಸಂಗ್ರಹ'ದಂಥ ಎದುರಾಳಿಗಳ ಪುಸ್ತಕಗಳಿಂದಲೇ ಅವರನ್ನು ತಿಳಿಯಬೇಕಾಗಿದೆ. ಹಾಗಾಗಿ ಸುಖವಾಗಿರು ಎಂಬ ಮಾತು ನಮ್ಮ ಕಿವಿಗೆ ಬೀಳುವಾಗಲೇ ಸಾಲ ಮಾಡಿ ತುಪ್ಪ ತಿನ್ನು ಎಂಬ ಕುಹಕವಾಗಿ ಬೀಳುತ್ತದೆ. ಸ್ವಂತ ದುಡ್ಡಿನಲ್ಲಿ ತುಪ್ಪ ತಿನ್ನುವವನ ಬಗ್ಗೆ ಒಂದು ಒಳ್ಳೆಯ ಗಾದೆಯನ್ನಾದರೂ ಯಾರಾದರೂ ಮಾಡಬೇಕಿತ್ತು.

ಭೋಗಕ್ಕೆ ಮರ್ಯಾದೆ ಇಲ್ಲದ್ದರಿಂದ ಅದು ನಮ್ಮಲ್ಲಿ ಯಾವಾಗಲೂ ವೇಷ ಹಾಕಿಕೊಂಡೇ ಬರುತ್ತದೆ. ಪ್ರವಾಸ ಹೋಗಬೇಕಾದರೆ ಯಾತ್ರೆಯ ವೇಷ. ಚಿನ್ನದ ಸರ ಬೇಕಾದರೆ ಹೂಡಿಕೆಯ ವೇಷ. ಚೆನ್ನಾಗಿ ಉಣ್ಣಬೇಕಾದರೆ ಯಾರದೋ ಹುಟ್ಟುಹಬ್ಬ ಬೇಕು. ಮದುವೆಯಲ್ಲಂತೂ ಇಪ್ಪತ್ತು ವರ್ಷ ಟ್ಯೂಬ್ ಸೀಳಿ ಉಳಿಸಿದ್ದನ್ನು ಎರಡೇ ದಿನದಲ್ಲಿ, ಹೆಸರೂ ಗೊತ್ತಿಲ್ಲದ ಸಾವಿರ ಜನರ ಎಲೆಯ ಮೇಲೆ ಸುರಿಯುತ್ತೇವೆ. ಅಲ್ಲಿ ಕೈ ನಡುಗುವುದಿಲ್ಲ, ಏಕೆಂದರೆ ಅದು ಸುಖವಲ್ಲ, ಮಾನದ ಪ್ರಶ್ನೆ. ಅತಿ ಜಿಪುಣತನ ಮತ್ತು ಅತಿ ದುಂದು ಒಂದೇ ಮನೆಯಲ್ಲಿ ಒಂದೇ ಮನುಷ್ಯನಲ್ಲಿ ಇರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಮೂಗುತಿಯ ಕತೆಯಲ್ಲಿ ಇನ್ನೊಂದು ನಿಜವಿದೆ. ಗಂಡನ ಬಿಗಿ ಮುಷ್ಟಿಗೆ ಬೆಲೆ ತೆತ್ತವಳು ಹೆಂಡತಿ. ತವರಿನ ಒಂದು ಒಡವೆಯ ಮೇಲಲ್ಲದೆ ಬೇರಾವುದರ ಮೇಲೂ ಅವಳಿಗೆ ಅಧಿಕಾರವಿರಲಿಲ್ಲ. ನಮ್ಮ ಅಡುಗೆಮನೆಗಳ ಸಾಸಿವೆ ಡಬ್ಬಿಯ ಇತಿಹಾಸವೂ ಅದೇ. ಲೆಕ್ಕ ಕೇಳುವ ಗಂಡಂದಿರ ಕಣ್ಣು ತಪ್ಪಿಸಿ, ತರಕಾರಿಯವನ ಜೊತೆ ಚೌಕಾಸಿ ಮಾಡಿ ಉಳಿಸಿದ ಐದು ಹತ್ತು ರೂಪಾಯಿಗಳು ಅಲ್ಲಿ ನೋಟುಗಳಾಗುತ್ತಿದ್ದವು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದಾಗ ಎಷ್ಟೋ ಮನೆಗಳಲ್ಲಿ ಆ ಡಬ್ಬಿಗಳು ಮೊದಲ ಬಾರಿಗೆ ಎಲ್ಲರೆದುರು ಬಾಯಿಬಿಟ್ಟವು. ಗಂಡಸರು ನಕ್ಕರು, ಜೋಕು ಮಾಡಿದರು. ಆ ಹೆಂಗಸರು ಅಷ್ಟು ವರ್ಷ ಏನೇನನ್ನು ಬೇಡವೆಂದಿದ್ದರು ಎಂದು ಯಾರೂ ಕೇಳಲಿಲ್ಲ. ಮನೆಯ ಯಜಮಾನ ಮಿತವ್ಯಯಿ ಎಂದು ಯಾರಾದರೂ ಹೊಗಳಿದರೆ ನನ್ನ ಕಣ್ಣು ಈಗ ಮೊದಲು ಅವನ ಹೆಂಡತಿಯ ಚಪ್ಪಲಿಯ ಕಡೆ ಹೋಗುತ್ತದೆ. ತನ್ನ ಸುಖವನ್ನು ಹಿಂಡಿ ಉಳಿಸುವವನನ್ನು ವಿಚಿತ್ರ ಎನ್ನಬಹುದು. ಮನೆಮಂದಿಯ ಸುಖವನ್ನು ಹಿಂಡಿ ಉಳಿಸುವವನಿಗೆ ಬೇರೆ ಹೆಸರಿಡಬೇಕು.

ಬೆಂಗಳೂರಿನ ಐಟಿ ಹುಡುಗರಲ್ಲಿ ಈಗ ಹೊಸ ಬಗೆಯ ಮಿತವ್ಯಯ ಬಂದಿದೆ. ಸಂಬಳದ ಅರ್ಧಕ್ಕಿಂತ ಹೆಚ್ಚು ಉಳಿಸಿ, ವರ್ಷದ ಖರ್ಚಿನ ಇಪ್ಪತ್ತೈದು ಪಟ್ಟು ಕೂಡಿಟ್ಟು, ನಲವತ್ತಕ್ಕೆ ನಿವೃತ್ತರಾಗುವುದು ಗುರಿ. ಆ ಇಪ್ಪತ್ತೈದರ ಲೆಕ್ಕಕ್ಕೆ ಬುಡ 1994ರಲ್ಲಿ ವಿಲಿಯಂ ಬೆಂಗೆನ್ ಎಂಬ ಅಮೆರಿಕದ ಹಣಕಾಸು ಸಲಹೆಗಾರ ಅಲ್ಲಿನ ಮಾರುಕಟ್ಟೆ ನೋಡಿ ಹೇಳಿದ, ಕೂಡಿಟ್ಟದ್ದರಲ್ಲಿ ವರ್ಷಕ್ಕೆ ಶೇಕಡ ನಾಲ್ಕರಷ್ಟು ತೆಗೆದು ಬಳಸುವ ಸೂತ್ರ. ಈ ಪಂಥದ ಹಿರಿಯನೆಂದರೆ ಜೋ ಡೊಮಿಂಗೆಜ್. ವಾಲ್ ಸ್ಟ್ರೀಟಿನಲ್ಲಿ ವಿಶ್ಲೇಷಕನಾಗಿದ್ದವನು 1969ರಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟ. ವಿಕಿ ರಾಬಿನ್ ಜೊತೆ ಸೇರಿ 1992ರಲ್ಲಿ ಪುಸ್ತಕ ಬರೆದ. ಒಂದು ವಸ್ತು ಕೊಳ್ಳುವ ಮುನ್ನ ಅದಕ್ಕೆ ಬದುಕಿನ ಎಷ್ಟು ಗಂಟೆ ತೆರಬೇಕಾಗುತ್ತದೆ ಎಂದು ಎಣಿಸು ಎಂಬುದು ಅದರ ಸಾರ. ಪುಸ್ತಕದ ಗಳಿಕೆಯನ್ನು ತನಗೆ ಇಟ್ಟುಕೊಳ್ಳದೆ ಒಳ್ಳೆಯ ಕೆಲಸಗಳಿಗೆ ಬಿಟ್ಟುಕೊಟ್ಟ. 1997ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಅವನಿಗೆ 58. ನಮ್ಮಲ್ಲಿ ಸರ್ಕಾರಿ ನೌಕರ ನಿವೃತ್ತಿಯ ಬೀಳ್ಕೊಡುಗೆಯ ಶಾಲು ಹೊದೆಯುವ ಹೊತ್ತಿಗೆ ಹತ್ತಿರದ ವಯಸ್ಸು. ಕಾದಿದ್ದರೆ ಅವನಿಗೆ ಏನೂ ಸಿಗುತ್ತಿರಲಿಲ್ಲ. ಕಾಯದೆ ಬಿಟ್ಟದ್ದರಿಂದ ಸುಮಾರು ಇಪ್ಪತ್ತೇಳು ವರ್ಷ ಸಿಕ್ಕಿತು. ಅವನು ಉಳಿಸಿದ ದುಡ್ಡಿನಲ್ಲಿ ಕೊಂಡದ್ದು ಸಮಯವನ್ನು, ಕೊಂಡದ್ದನ್ನು ಬಳಸಿದ ಕೂಡ.

ನಮ್ಮ ಹುಡುಗರ ಬಗ್ಗೆ ನನಗಿರುವ ಅನುಮಾನ ಈ ಕೊನೆಯ ಮಾತಿನ ಕುರಿತೇ. ಎಕ್ಸೆಲ್ ಹಾಳೆಯಲ್ಲಿ ಅವರ ನಲವತ್ತನೆಯ ವರ್ಷ ಬಹಳ ಸೊಗಸಾಗಿದೆ. ಆದರೆ ಗೆಳೆಯನ ಮದುವೆಗೆ ಹೋದರೆ ಪೆಟ್ರೋಲ್ ಖರ್ಚು ಎಂದು ಇಪ್ಪತ್ತೆಂಟರಲ್ಲಿ ಮನೆಯಲ್ಲಿ ಕೂತವನಿಗೆ ನಲವತ್ತರಲ್ಲಿ ಹೋಗಲು ಯಾವ ಮದುವೆ ಉಳಿದಿರುತ್ತದೆ? ಕುಮಾರ ಪರ್ವತ ಹತ್ತುವ ಮೊಣಕಾಲಿಗೆ, ಚಕ್ಕುಲಿ ಕಡಿಯುವ ಹಲ್ಲಿಗೆ, ಜೊತೆಗೆ ಕರೆದುಕೊಂಡು ಹೋಗಬೇಕೆಂದಿರುವ ಅಪ್ಪ ಅಮ್ಮನಿಗೆ, ಎಲ್ಲಕ್ಕೂ ಅದರದರದೇ ಅವಧಿ ಇದೆ. ಇವುಗಳಲ್ಲಿ ಯಾವುದನ್ನೂ ಠೇವಣಿ ಇಟ್ಟು ಬಡ್ಡಿ ಸಮೇತ ವಾಪಸು ಪಡೆಯಲಾಗದು.

ಎರಡಾಣೆ ಉಳಿಸುವುದನ್ನು ಕಲಿಸಿದ ಅದೇ ಉಡುಪಿ ಸೀಮೆಯಿಂದಲೇ ದೇಶಕ್ಕೆ ಮಸಾಲೆ ದೋಸೆ ತಿನ್ನುವ ಚಟವೂ ಹಬ್ಬಿತು ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಪಿಗ್ಮಿಗಿಂತ ನಾಲ್ಕು ವರ್ಷ ಮೊದಲು, 1924ರಲ್ಲಿ ಆ ಕಡೆಯಿಂದ ಬಂದ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಮುಂದೆ ಎಂ.ಟಿ.ಆರ್. ಆದ ಹೋಟೆಲು ತೆರೆದಿದ್ದರು. 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಬಂತು. ಬಿಗಿ ಮುಷ್ಟಿಯ ಗುಮಾಸ್ತರೂ ಮೇಷ್ಟ್ರುಗಳೂ ಸುಖಕ್ಕೆ ದುಡ್ಡು ಕೊಡುವುದನ್ನು ಅಷ್ಟಿಷ್ಟು ಕಲಿತದ್ದು ಇಂಥ ಹೋಟೆಲುಗಳ ಬೆಂಚಿನ ಮೇಲೆ. ಅಲ್ಲಿಯೇ ಕನ್ನಡ ನಾಡು ಒಂದು ಅಪೂರ್ವ ಪದ್ಧತಿಯನ್ನು ರೂಢಿಗೆ ತಂದುಕೊಂಡಿತು: ಬೈ ಟು ಕಾಫಿ. ಒಂದು ಕಾಫಿಯ ದುಡ್ಡು, ಎರಡು ಲೋಟ, ಇಬ್ಬರು ಮನುಷ್ಯರು. ಸಪ್ಲೈಯರ್ ಕೈ ಧಾರಾಳವಾಗಿದ್ದರೆ ಎರಡೂ ಲೋಟದಲ್ಲಿ ಅರ್ಧಕ್ಕಿಂತ ಕೊಂಚ ಹೆಚ್ಚೇ ಇರುತ್ತದೆ. ಉಳಿತಾಯ ಮತ್ತು ಸುಖ ಎರಡೂ ಒಂದೇ ಮೇಜಿನಲ್ಲಿ ಕೂರಬಲ್ಲವು ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಬೈ ಟು ಹೇಳಲು ಎದುರಿಗೆ ಒಬ್ಬರು ಬೇಕು; ಜಿಪುಣನಾದವನು ಅದನ್ನೂ ಹೇಳಲಾರ.

ಅದೇ ಸೀಮೆಯ ಕೋಟದ ಶಿವರಾಮ ಕಾರಂತರನ್ನು ನಾನು ಭೋಗಿಗಳ ಸಾಲಿಗೆ ಸೇರಿಸಿದರೆ ಕೆಲವರು ಹುಬ್ಬೇರಿಸಬಹುದು. ಶ್ರೀಮಂತರೇನಲ್ಲ ಅವರು. ಆದರೂ ಮೂಕಿ ಸಿನಿಮಾ ತೆಗೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು, ಯಕ್ಷಗಾನದ ಪ್ರಯೋಗಕ್ಕೆ ಇಳಿದರು, ಯುರೋಪು ಸುತ್ತಿ ಬಂದು 'ಅಪೂರ್ವ ಪಶ್ಚಿಮ' ಬರೆದರು. ಕೈಗೆ ಬಂದದ್ದನ್ನು ಕುತೂಹಲಕ್ಕೆ ಸುರಿದ ಮನುಷ್ಯ. ತುಪ್ಪವೆಂದರೆ ಊಟದ ತುಪ್ಪವೇ ಆಗಬೇಕಿಲ್ಲ. ತೊಂಬತ್ತೈದು ವರ್ಷ ಬದುಕಿದ ಅವರಿಗೆ ಮುಂದಕ್ಕೆ ನೋಡೋಣ ಎಂಬ ಮಾತು ಬಾಯಿಗೆ ಬಂದಿರಲಾರದು ಅನ್ನಿಸುತ್ತದೆ.

ಇನ್ನು ಭರ್ತೃಹರಿ ಹೇಳಿದ ಆ ಮೂರನೆಯ ದಾರಿ, ನಾಶ. ಹತ್ತು ವರ್ಷ ಯಾರೂ ಮುಟ್ಟದ ಬ್ಯಾಂಕ್ ಠೇವಣಿಗಳು ರಿಸರ್ವ್ ಬ್ಯಾಂಕ್ 2014ರಲ್ಲಿ ಸ್ಥಾಪಿಸಿದ ಒಂದು ನಿಧಿಗೆ ಹೋಗಿ ಸೇರುತ್ತವೆ. 2024ರ ಮಾರ್ಚ್ ಕೊನೆಗೆ ಅಲ್ಲಿದ್ದ ಮೊತ್ತ 78,213 ಕೋಟಿ ರೂಪಾಯಿ. ಮಾಲೀಕರೋ ವಾರಸುದಾರರೋ ಬಂದು ಕೇಳಿದರೆ ಕೊಡುತ್ತಾರೆ, ಹುಡುಕಲು ಅನುಕೂಲವಾಗಲೆಂದು 2023ರಲ್ಲಿ ಉದ್ಗಮ್ ಎಂಬ ತಾಣವನ್ನೂ ತೆರೆದಿದ್ದಾರೆ. ಇದರಲ್ಲಿ ಮರೆವು ಎಷ್ಟು, ಸಾವು ಎಷ್ಟು, ಮನೆಯವರಿಗೂ ಹೇಳದೆ ಕೂಡಿಟ್ಟದ್ದು ಎಷ್ಟು ಎಂದು ಸಂಖ್ಯೆ ಹೇಳುವುದಿಲ್ಲ. ಎಲ್ಲೋ ಯಾರೋ ಹತ್ತದ ಆಟೋಗಳು, ತಿನ್ನದ ಮಾವಿನಹಣ್ಣುಗಳು, ಕೊಳ್ಳದ ಚಪ್ಪಲಿಗಳು ಅಲ್ಲಿ ರೂಪಾಯಿಯ ರೂಪದಲ್ಲಿ ಕೂತಿವೆ ಎಂದುಕೊಂಡರೆ ಮಾತ್ರ ಆ ಅಂಕಿ ನನಗೆ ಅರ್ಥವಾಗುತ್ತದೆ.

ಇದನ್ನು ಗೆಳೆಯನಿಗೆ ಹೇಳಿದೆ. ಅವನು ತನ್ನ ಠೇವಣಿಗಳಿಗೆಲ್ಲ ನಾಮಿನಿ ಇದ್ದಾರೆ ಎಂದು ಸಮಾಧಾನಪಟ್ಟುಕೊಂಡ. ಅಲ್ಲಿಗೇ ಬಿಡದೆ, ಪಿಗ್ಮಿಯ ಕ್ರಮವನ್ನೇ ತಿರುಗಿಸಿ ನೋಡು ಎಂದೆ. ದಿನಾ ಸಂಜೆ ಒಂದು ಹೊತ್ತು ಗೊತ್ತು ಮಾಡಿಕೋ, ಸಣ್ಣದೊಂದು ಮೊತ್ತ ಸುಮ್ಮನೆ ಸುಖಕ್ಕೆ ಹೋಗಲಿ, ಲೆಕ್ಕ ಬರೆಯಬೇಡ. ಲೆಕ್ಕ ಬರೆಯದಿರಲು ಅವನು ಒಪ್ಪಲಿಲ್ಲ, ಉಳಿದದ್ದಕ್ಕೆ ಒಪ್ಪಿದ. ಮೊದಲು ಗಾಡಿಯಲ್ಲಿ ಜೋಳ ಸುಡುವವನಿಂದ ಜೋಳ. ಆಮೇಲೆ ಹೂವಿನವಳ ಹತ್ತಿರ ಹೆಂಡತಿಗೆ ಒಂದು ಮೊಳ ಮಲ್ಲಿಗೆ, ಚೌಕಾಸಿ ಇಲ್ಲದೆ. ಹೆಂಡತಿ ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದಳಂತೆ. ಈ ಬೇಸಿಗೆಯಲ್ಲಿ ರಸಪುರಿ ಬಂದ ಮೊದಲ ವಾರವೇ ತಂದ. ಹುಳಿಯಿತ್ತು, ಆದರೂ ತಿಂದರು. ಅಟ್ಟದ ಡಿನ್ನರ್ ಸೆಟ್ಟು ಇಳಿದಿದೆ. ನನ್ನನ್ನು ಊಟಕ್ಕೆ ಕರೆದು ಅದರಲ್ಲೇ ಬಡಿಸಿದ, ಬಡಿಸುವಾಗ ನನ್ನ ಊಟಕ್ಕಿಂತ ತಟ್ಟೆಯ ಅಂಚಿನ ಮೇಲೆಯೇ ಅವನ ಗಮನವಿತ್ತು.

ಈಗ ದೊಡ್ಡ ಪಾಠಕ್ಕೆ ಕೈ ಹಾಕಿದ್ದಾನೆ. ಯಾತ್ರೆ ಎಂದು ನೆಪ ಹೇಳಲಾಗದ ಊರಿಗೆ ಹೋಗಬೇಕು ಎಂಬುದು ನನ್ನ ಷರತ್ತು. ಡಾರ್ಜಿಲಿಂಗ್ ಎಂದು ನಿರ್ಧಾರವಾಗಿದೆ, ಬೆಳಗಿನ ಜಾವ ಕಾಂಚನಜುಂಗಾ ನೋಡುವ ಆಸೆ ಗಂಡ ಹೆಂಡತಿ ಇಬ್ಬರಿಗೂ ಇದೆಯಂತೆ, ಇಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಹೇಳಿರಲಿಲ್ಲವಂತೆ. ಸ್ವೆಟರುಗಳನ್ನು ಕೊಂಡಾಗಿದೆ, ರಜೆ ಬೇಕಾಗಿಲ್ಲ, ಆರೋಗ್ಯ ಸದ್ಯಕ್ಕೆ ನೆಟ್ಟಗಿದೆ. ಬಾಗ್ಡೋಗ್ರಾಕ್ಕೆ ವಿಮಾನದ ಟಿಕೆಟ್ ಮಾತ್ರ ಇನ್ನೂ ತೆಗೆದಿಲ್ಲ. ದಿನಾ ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ದರ ನೋಡುತ್ತಾನೆ, ಇನ್ನೊಂದು ಇನ್ನೂರು ರೂಪಾಯಿ ಇಳಿಯಲಿ ಎನ್ನುತ್ತಾನೆ.